ಕೋಶಕೇಂದ್ರ ಸಿಪಿಯು ಅಲ್ಲ: ಒಂದು ಪಾಠದ ತಿದ್ದುಪಡಿ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡಿದೆ. ಮಕ್ಕಳಿಗೆ ಶಾಲೆಯ ಕಂಪ್ಯೂಟರ್ ಕೊಠಡಿ ಪರಿಚಿತ. ಪೂರ್ವಜ್ಞಾನವಾಗಿ ಅದನ್ನೇ ಬಳಸಿಕೊಂಡೆ. ಕಪ್ಪುಹಲಗೆಯ ಎಡಗಡೆ ಕೋಶದ ಭಾಗಗಳು, ಬಲಗಡೆ ಅವುಗಳ ಜೋಡಿ: ಕೋಶಪೊರೆಗೆ ಪಾಸ್‌ವರ್ಡ್, ಮೈಟೋಕಾಂಡ್ರಿಯಕ್ಕೆ ವಿದ್ಯುತ್ ಪೂರೈಕೆ, ಕೋಶಕೇಂದ್ರಕ್ಕೆ ಸಿಪಿಯು. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬಂತು, ನಾನೂ ಹಿಗ್ಗಿದೆ.

ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರಲ್ಲ ಅಂತ ಮೇಡಂ ಹೇಳಿದ್ರು. ಸಿಪಿಯು ಇಲ್ದೆ ಕಂಪ್ಯೂಟರ್ ನಡೆಯುತ್ತಾ?"

"ಅದೊಂದು ವಿನಾಯಿತಿ" ಎಂದು ತಪ್ಪಿಸಿಕೊಂಡೆ. ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಹುಡುಗ ಸರಿ, ಹೋಲಿಕೆ ತಪ್ಪು."

ಬಿಎಸ್ಸಿಯಲ್ಲಿ ಓದಿದ್ದನ್ನೇ ರಾತ್ರಿ ಮತ್ತೆ ತೆಗೆದೆ. ಕೋಶಕೇಂದ್ರದ ಡಿಎನ್‌ಎ ತಾನಾಗಿ ಏನನ್ನೂ ತಯಾರಿಸುವುದಿಲ್ಲ, ಸೂಚನೆಗಳನ್ನು ಕಾಪಾಡುತ್ತದೆ. ಅದು ಹಾರ್ಡ್ ಡಿಸ್ಕ್‌ಗೆ ಹತ್ತಿರ. ಸೂಚನೆಯ ಪ್ರತಿಯಾಗಿ ಆರ್‌ಎನ್‌ಎ ಹೊರಬರುತ್ತದೆ. ಅದನ್ನು ಮೂರು ಮೂರು ಅಕ್ಷರವಾಗಿ ಓದಿ ಅಮೈನೋ ಆಮ್ಲಗಳನ್ನು ಪೋಣಿಸುವುದು ರೈಬೋಸೋಮ್. ಹೋಲಿಕೆ ನಿಜಕ್ಕೂ ಗಟ್ಟಿಯಾಗಿರುವುದು ಸಂಕೇತದಲ್ಲಿ. ಕಂಪ್ಯೂಟರಿಗೆ 0 ಮತ್ತು 1 ಎರಡೇ. ಡಿಎನ್‌ಎಗೆ ನಾಲ್ಕು ಅಕ್ಷರ, ಅಂದರೆ ಒಂದೊಂದಕ್ಕೆ 2 ಬಿಟ್. ಮನುಷ್ಯನ ವರ್ಣತಂತುಗಳ ಒಂದು ಗಣದಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿವೆ. ಲೆಕ್ಕ ಹಾಕಿದರೆ ಸುಮಾರು 750 ಮೆಗಾಬೈಟ್, ಹೆಚ್ಚುಕಡಿಮೆ ಒಂದು ಸಿಡಿಯಷ್ಟು!

ಮರುದಿನ ಮೊದಲು ತಪ್ಪೊಪ್ಪಿಕೊಂಡು, ಆಮೇಲೆ ಆಟ ಆಡಿಸಿದೆ. ಒಬ್ಬಳು ಕೋಶಕೇಂದ್ರ: ಅವಳ ಕೈಯ ಪುಸ್ತಕ ಹೊರಗೆ ಹೋಗುವಂತಿಲ್ಲ. ಒಬ್ಬ ಅದರಿಂದ ಚೀಟಿಗೆ ನಕಲು ಮಾಡಿದ. ಆ ಪ್ರಶ್ನೆ ಕೇಳಿದ ಹುಡುಗನೇ ರೈಬೋಸೋಮ್. ಚೀಟಿ ಓದಿ ಬಣ್ಣದ ಮಣಿ ಪೋಣಿಸಿದ. ನಡುವೆ ಕೋಶಕೇಂದ್ರವನ್ನು ಪುಸ್ತಕದ ಸಮೇತ ಹೊರಗೆ ಕಳುಹಿಸಿದೆ. ಬರೆದಿಟ್ಟ ಚೀಟಿಗಳಿರುವವರೆಗೆ ಮಣಿಸರ ಬೆಳೆಯಿತು, ಆಮೇಲೆ ನಿಂತಿತು. ಆದರೆ ಪೋಣಿಸಿದ ಸರಗಳು ಕೈಯಲ್ಲೇ ಇದ್ದವು. ಬೆಳೆದ ಕೆಂಪು ರಕ್ತಕಣದಲ್ಲಿ ರೈಬೋಸೋಮೂ ಇರುವುದಿಲ್ಲ. ಮೊದಲೇ ತಯಾರಾದ ಹಿಮೋಗ್ಲೋಬಿನ್ ಇಟ್ಟುಕೊಂಡು ಸುಮಾರು 120 ದಿನ ದುಡಿಯುತ್ತದೆ. ಸವೆದದ್ದಕ್ಕೆ ಬದಲಿ ಮಾಡಿಕೊಳ್ಳಲಾರದು.

"ಹಂಗಾದ್ರೆ ಕಣ್ಣಿಗೂ ಚರ್ಮಕ್ಕೂ ಪುಸ್ತಕ ಒಂದೇ ಅಲ್ವಾ ಸರ್? ಯಾವ ಪುಟ ಓದ್ಬೇಕು ಅಂತ ಯಾರು ಹೇಳ್ತಾರೆ?" ಒಳಗೆ ಬಂದ 'ಕೋಶಕೇಂದ್ರ' ಕೇಳಿದಳು. ಕೆಲವು ಪ್ರೋಟೀನುಗಳೇ ಡಿಎನ್‌ಎಗೆ ಅಂಟಿಕೊಂಡು ಅದನ್ನು ನಿಯಂತ್ರಿಸುತ್ತವೆ, ಆ ಪ್ರೋಟೀನುಗಳ ಸೂಚನೆಯೂ ಅದೇ ಪುಸ್ತಕದಲ್ಲಿದೆ ಎಂದೆ. ಎಡಗಡೆ ಅದನ್ನು ಬರೆದೆ. ಬಲಗಡೆ ಈ ಸಲ ಖಾಲಿ ಬಿಟ್ಟೆ.