ಮಳೆಗಾಲದಲ್ಲಿ ಕುದುರೆಗಳ ಆರೋಗ್ಯರಕ್ಷಣೆ: ಸದಸ್ಯರ ಗಮನಕ್ಕೆ

ವಲಸೆ ಕುರಿಗಾಹಿಗಳ ಸಾಮಾನು, ಎಳೆಮರಿಗಳನ್ನು ಹೊರುವ ತಟ್ಟುಗಳಿಗೂ ಜಟಕಾ ಕುದುರೆಗಳಿಗೂ ಮುಂಗಾರು ಕಷ್ಟದ ಕಾಲ. ಸದಾ ಕೆಸರಿನಲ್ಲಿ ನಿಂತರೆ ಗೊರಸಿನ ಅಡಿಭಾಗ ಕೊಳೆತು ದುರ್ವಾಸನೆ ಬೀರುತ್ತದೆ. ದಿನವೂ ಗೊರಸನ್ನು ಶುಚಿಗೊಳಿಸಿ ಒಣನೆಲದಲ್ಲಿ ಕಟ್ಟಬೇಕು. ಎಳೆಹುಲ್ಲನ್ನು ಒಮ್ಮೆಲೇ ಹೊಟ್ಟೆತುಂಬ ಮೇಯಿಸಿದರೆ ಹೊಟ್ಟೆಶೂಲೆ ಬರಬಹುದು. ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ ಅದು ಪ್ರಾಣಕ್ಕೇ ಎರವಾದೀತು. ಕಚ್ಚುವ ನೊಣಗಳು ಸರ್ರಾ ರೋಗವನ್ನು ಹರಡುತ್ತವೆ: ಬಂದುಹೋಗುವ ಜ್ವರ, ರಕ್ತಹೀನತೆ, ಕಾಲು ಹಾಗೂ ಹೊಟ್ಟೆಯಡಿಯ ಬಾವು ಅದರ ಗುರುತುಗಳು.

ಇವೆಲ್ಲಕ್ಕಿಂತ ಗಂಭೀರವಾದುದು ಗ್ಲ್ಯಾಂಡರ್ಸ್. ಇದಕ್ಕೆ ಋತುವಿಲ್ಲ, ಲಸಿಕೆಯೂ ಇಲ್ಲ, ಮನುಷ್ಯರಿಗೂ ತಗಲುತ್ತದೆ. ಮೂಗಿನಿಂದ ಅಂಟಾದ ಸ್ರಾವ, ಮೂಗಿನೊಳಗೆ ಹುಣ್ಣು, ಚರ್ಮದಡಿ ಸಾಲುಗಂಟುಗಳು ಕಂಡುಬಂದಲ್ಲಿ ಮಾಲೀಕರು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಬೇಕೆಂದು ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆ ವಿಧಿಸುತ್ತದೆ. ಅಲ್ಲಿಂದ ಸಮೀಪದ ಪಶುವೈದ್ಯರಿಗೆ ಮಾಹಿತಿ ಲಿಖಿತವಾಗಿ, ಅಂದೇ ತಲುಪುವುದು ಲೇಸು. ಸೋಂಕು ದೃಢಪಟ್ಟ ಪ್ರಾಣಿಯನ್ನು ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ. ದುಡಿಯುವ ಕುದುರೆಯೊಂದನ್ನೇ ನಂಬಿದವನು ಆ ಭಯಕ್ಕೆ ರೋಗವನ್ನು ಮುಚ್ಚಿಡುವುದು ಸಹಜ. ಆದುದರಿಂದ ಪರಿಹಾರಧನಕ್ಕೆ ಅವಕಾಶವಿರುವುದನ್ನು ಸದಸ್ಯರು ಮುಂಚಿತವಾಗಿಯೇ, ಬಿಡಾರಗಳಿಗೆ ಹೋಗಿ ತಿಳಿಸತಕ್ಕದ್ದು. ಪರೀಕ್ಷಾ ವರದಿ ಬರುವವರೆಗೆ ಶಂಕಿತ ಕುದುರೆಯನ್ನು ಪ್ರತ್ಯೇಕವಾಗಿ ಕಟ್ಟಬೇಕು. ಸಾರ್ವಜನಿಕ ನೀರಿನ ತೊಟ್ಟಿಗೆ ಬಿಡಬಾರದು.