ಬಿಡಿಭಾಗದ ಬೆಲೆಯಲ್ಲ, ಒಟ್ಟು ಖರ್ಚು ನೋಡಿ

ಅಮೆರಿಕದಲ್ಲಿ ನಾನು ಓಡಿಸುವ ಮಜ್ದಾ ಎಂಎಕ್ಸ್-5 ಕಾರು 1990ರದು, 1.6 ಲೀಟರ್ ಎಂಜಿನ್ನಿನದು. ದಿನನಿತ್ಯದ ಓಡಾಟಕ್ಕೂ ರಜಾದಿನದ ಆಟೋಕ್ರಾಸ್ ಸ್ಪರ್ಧೆಗೂ ಅದೇ. ಬಿಗಿ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಳಬದಿಯ ಹಿಂಚಕ್ರ ಗಿರಗಿರನೆ ಸುತ್ತುತ್ತಿತ್ತು, ಕಾರು ಮುಂದಕ್ಕೆ ನುಗ್ಗುತ್ತಿರಲಿಲ್ಲ. ಇದಕ್ಕೆ ಒಂದು ಚಕ್ರ ಸುಮ್ಮನೆ ಸುತ್ತಿದರೂ ಇನ್ನೊಂದಕ್ಕೆ ಬಲ ಮುಟ್ಟಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬೇಕು. ಯಾವುದು ಎಂಬುದು ದುಡ್ಡಿನ ಪ್ರಶ್ನೆ.

ಆಗಿನ ಕೆಲವು ಕಾರುಗಳಲ್ಲಿ ಬರುತ್ತಿದ್ದ ವಿಸ್ಕಸ್ ಮಾದರಿ ಹಳೆಯದರಲ್ಲಿ ಅಗ್ಗ. ಆದರೆ ಒಳಗಿನ ಸಿಲಿಕೋನ್ ದ್ರವ ವಯಸ್ಸಾದಂತೆ ಬಲ ಕಳೆದುಕೊಳ್ಳುತ್ತದೆ. ಅದನ್ನು ಕೈಬಿಟ್ಟೆ. ಕ್ಲಚ್ ಮಾದರಿಯ ಹಿಡಿತ ಗಟ್ಟಿ. ಒಂದು ಚಕ್ರ ನೆಲ ಬಿಟ್ಟರೂ ಇನ್ನೊಂದಕ್ಕೆ ಬಲ ಮುಟ್ಟಿಸುತ್ತದೆ. ಆದರೆ ಪ್ಲೇಟುಗಳು ಸವೆಯುತ್ತವೆ, ಅದಕ್ಕೆ ತಕ್ಕ ಆಯಿಲ್ಲನ್ನೇ ಹಾಕಬೇಕು. ಟಾರ್ಸೆನ್ ಎಂಬ ಗೇರ್ ಮಾದರಿ ಕೆಲಸ ಮಾಡುವುದು ಗೇರುಗಳಿಂದಲೇ, ಸವೆಯುವ ಕ್ಲಚ್ ಪ್ಲೇಟುಗಳಿಲ್ಲ. ಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಮಾತ್ರ ಅದರ ಆಟ ನಡೆಯದು.

ಒಂದು ಲೆಕ್ಕ ಊಹಿಸಿಕೊಳ್ಳಿ. ಕ್ಲಚ್ ಮಾದರಿಗೆ 1,000 ಡಾಲರ್, ಗೇರ್ ಮಾದರಿಗೆ 1,200. ಐದು ವರ್ಷದೊಳಗೆ ಒಮ್ಮೆ ಪ್ಲೇಟ್ ಬದಲಾಯಿಸಲು ಕೂಲಿ ಸೇರಿ 600 ಡಾಲರ್ ಬಿದ್ದರೆ, ಅಗ್ಗದ್ದೇ ವರ್ಷಕ್ಕೆ 320 ಡಾಲರ್ ತಿನ್ನುತ್ತದೆ, ದುಬಾರಿಯದು 240. ಬರೀ ರೇಸಿಗೇ ಇಳಿಯುವವರಿಗೆ ಕ್ಲಚ್ ಮಾದರಿಯ ಆ ಹೆಚ್ಚುವರಿ ಖರ್ಚು ಸಾರ್ಥಕ. ನನ್ನಂಥವರಿಗೆ ಅಲ್ಲ.

ಬಿಡಿಭಾಗದಷ್ಟೇ ಭಾರ ಜೋಡಣೆಯದು. ಬರೀ ಡಿಫರೆನ್ಷಿಯಲ್ ಕೊಂಡರೆ ಬೇರಿಂಗ್, ಸೀಲ್, ಗೇರುಗಳ ಅಂತರವನ್ನು ಹೊಂದಿಸುವ ನುರಿತ ಕೈಯ ಕೂಲಿ ಎಲ್ಲ ಸೇರಿಕೊಳ್ಳುತ್ತವೆ. ಅದಕ್ಕೇ 1994ರಿಂದ ಬಂದ 1.8 ಲೀಟರ್ ಕಾರಿನ ಟಾರ್ಸೆನ್ ಘಟಕವನ್ನು, ಹಾಫ್ ಶಾಫ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಸಮೇತ, ಗುಜರಿಯಿಂದ ಇಡಿಯಾಗಿ ಕೊಂಡೆ. 1.6 ಕಾರಿನ ಶಾಫ್ಟ್‌ಗಳು ಅದಕ್ಕೆ ಕೂರುವುದಿಲ್ಲ. ಎಲ್ಲ 1.8 ಕಾರುಗಳಲ್ಲೂ ಟಾರ್ಸೆನ್ ಇರುವುದಿಲ್ಲ, ಆದ್ದರಿಂದ ಖಚಿತಪಡಿಸಿಕೊಂಡೇ ಹಣ ಕೊಟ್ಟೆ. ಈಗ ತಿರುವಿನಿಂದ ಹೊರಬರುವಾಗ ಎರಡೂ ಹಿಂಚಕ್ರಗಳು ನೆಲ ಕಚ್ಚಿ ತಳ್ಳುತ್ತವೆ. ಕೊಟ್ಟ ಹಣಕ್ಕೆ ಮೋಸವಿಲ್ಲ.

ನಿಮ್ಮ ಟೈರು ಸವೆದಿದ್ದರೆ ಮೊದಲ ದುಡ್ಡು ಅದಕ್ಕೇ ಹೋಗಲಿ. ಆಮೇಲೆ ಭಾಗ, ಜೋಡಣೆ, ಆಯಿಲ್, ಮುಂದಿನ ರಿಪೇರಿ ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ಆ ಮೊತ್ತ ನಿಮ್ಮ ಕೈಗೆಟುಕಿದರೆ ಮಾತ್ರ ಆರ್ಡರ್ ಕೊಡಿ.