ಸೋತರೂ ಬಾಗದ ವೀರ

ವಿದ್ಯಾರ್ಥಿಗಳೇ, ಮುಷ್ಟಿಯುದ್ಧವೆಂದರೆ ಬರಿಯ ತೋಳ್ಬಲದ ಆಟವೆಂದು ನಾವು ಎಣಿಸುತ್ತೇವೆ. ಮಹಮ್ಮದ್ ಅಲಿಯ ಜೀವನ ನಮಗೆ ಬೇರೆಯೇ ಪಾಠ ಹೇಳುತ್ತದೆ.

ಅಲಿ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಲೂಯಿವಿಲ್ ನಗರದಲ್ಲಿ. ಮೊದಲ ಹೆಸರು ಕ್ಯಾಷಿಯಸ್ ಕ್ಲೇ. ಹನ್ನೆರಡನೆಯ ವಯಸ್ಸಿನಲ್ಲಿ ಸೈಕಲ್ ಕಳುವಾದಾಗ, ಕಳ್ಳನನ್ನು ಹೊಡೆದೇ ತೀರುವೆನೆಂದು ಹುಡುಗ ಸಿಟ್ಟಾದನು. ಹಾಗಾದರೆ ಮೊದಲು ಹೋರಾಡಲು ಕಲಿಯೆಂದ ಪೊಲೀಸ್ ಜೋ ಮಾರ್ಟಿನ್ ತಾನೇ ಅವನಿಗೆ ಗುರುವಾದನು. 1960ರಲ್ಲಿ ರೋಮ್ ಒಲಿಂಪಿಕ್ಸ್‌ನ ಚಿನ್ನದ ಪದಕ ದೊರೆಯಿತು; 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಅಲಿ ಹೆವಿವೇಟ್ ವಿಶ್ವವಿಜೇತನಾದನು.

1967ರಲ್ಲಿ ನಿಜವಾದ ಪರೀಕ್ಷೆ ಬಂತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ತನ್ನ ಧರ್ಮ ಒಪ್ಪದೆಂದು ಅಲಿ ನಿರಾಕರಿಸಿದನು. ಪ್ರಶಸ್ತಿ ಹೋಯಿತು. ಮೂರೂವರೆ ವರ್ಷ ಕಣಕ್ಕಿಳಿಯಲಾಗಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಮಾಡಿತು. ಕಳೆದ ಹರೆಯ ಮಾತ್ರ ಮರಳಲಿಲ್ಲ. ಆದರೂ 1974ರಲ್ಲಿ ಆಫ್ರಿಕದ ಕಿನ್ಶಾಸಾದಲ್ಲಿ, ತನಗಿಂತ ಏಳು ವರ್ಷ ಕಿರಿಯನಾದ ಜಾರ್ಜ್ ಫೋರ್‌ಮನ್‌ನ ಹೊಡೆತಗಳನ್ನು ಹಗ್ಗಕ್ಕೊರಗಿ ಸಹಿಸಿ, ಅವನು ದಣಿದ ಮೇಲೆ ಎಂಟನೆಯ ಸುತ್ತಿನಲ್ಲಿ ಕೆಡವಿದನು. 1978ರಲ್ಲಿ ಮೂರನೆಯ ಬಾರಿ ಪ್ರಶಸ್ತಿ ಗೆದ್ದನು. ಒಟ್ಟು 61 ಪಂದ್ಯಗಳಲ್ಲಿ 56 ಜಯ.

ಮುಂದೆ ಪಾರ್ಕಿನ್‌ಸನ್ ರೋಗ ತಗುಲಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿಯನ್ನು ಅಲಿ ನಡುಗುವ ಕೈಯಿಂದಲೇ ಬೆಳಗಿಸಿದನು. 2016ರಲ್ಲಿ ತೀರಿಕೊಂಡನು.

ಗೆದ್ದದ್ದನ್ನು ಉಳಿಸಿಕೊಳ್ಳಲು ನಂಬಿದ್ದನ್ನು ಬಿಡಲಿಲ್ಲ. ಇದನ್ನೇ ನಾವು ಅಲಿಯಿಂದ ಕಲಿಯೋಣ.